ದತ್ತುಸ್ವೀಕಾರ ಮತ್ತು ದಾಸೋಹಭಾವ



'ಮನೆಗೆ ಕರೆದುಕೊಂಡು ಬಂದೆವು' ಎಂಬ ಮಾತು ಕಿವಿಗೆ ಬಹಳ ಹಿತವಾದುದು. ಆದರೆ ಈ ಮಾತಿಗೆ ಇನ್ನೊಂದು ಮಗ್ಗುಲುಂಟು. ಸೊಸೆಯು ಒಂದು ಮನೆಗೆ ಬಂದಳೆಂದರೆ ಇನ್ನೊಂದು ಮನೆಯಿಂದ ಹೊರಟಳೆಂದೇ ಅರ್ಥ. ತವರಿನ ಹೊಸ್ತಿಲು ದಾಟುವಾಗ ಅವಳು ಅತ್ತರೆ ನಾವು ತಪ್ಪೆಣಿಸುವುದಿಲ್ಲ. ಅಳದಿದ್ದರೆ ಏನೋ ಅನುಮಾನಪಡುತ್ತೇವೆ. ಹಾಗಿದ್ದೂ ದತ್ತು ತಂದ ಮಗು ಹೊಸ ಮನೆಯಲ್ಲಿ ಮೂರು ರಾತ್ರಿ ಎಡೆಬಿಡದೆ ಅತ್ತಿತೆಂದರೆ ನಮಗೆ ಕಸಿವಿಸಿಯಾಗುತ್ತದೆ. 'ಇಷ್ಟೆಲ್ಲ ಮಾಡಿದೆವಲ್ಲ, ಇದಕ್ಕಿನ್ನೇನು ಕೊರತೆ?' ಎಂಬ ಪ್ರಶ್ನೆ ಬಾಯಿಗೆ ಬರದಿದ್ದರೂ ಮನಸ್ಸಿನಲ್ಲಿ ಸುಳಿದುಹೋಗುತ್ತದೆ. ಸೊಸೆಗೆ ತವರು ಇತ್ತೆಂದು ಒಪ್ಪುವ ನಾವು ಮಗುವಿಗೂ ಒಂದು ತವರು ಇದ್ದಿತೆಂಬುದನ್ನು ಏಕೆ ಮರೆಯುತ್ತೇವೆ?

ಈ ಪ್ರಶ್ನೆಯನ್ನು ನಿಮ್ಮ ಮುಂದಿಡಲು ಕಾರಣವಿದೆ. ಮಠದ ಪ್ರಸಾದ ನಿಲಯಗಳಲ್ಲಿ ಉಂಡು ಓದಿ ಬೆಳೆದ ಅನೇಕರು ಇಂದು ಅಮೆರಿಕ, ಇಂಗ್ಲೆಂಡು, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ್ದಾರೆ. ಸಂತಾನವಿಲ್ಲದವರೂ, ಸಂತಾನವಿದ್ದೂ ಇನ್ನೊಂದು ಜೀವಕ್ಕೆ ನೆರಳಾಗಬೇಕೆಂಬ ಮನಸ್ಸುಳ್ಳವರೂ ಅವರಲ್ಲಿದ್ದಾರೆ. ಅಂಥವರು ತಾಯ್ನಾಡಿಗೆ ಬಂದು ಇಲ್ಲಿಯ ಮಗುವೊಂದನ್ನು ದತ್ತು ತೆಗೆದುಕೊಂಡು ಹೋಗುವುದು ಸ್ತುತ್ಯವಾದ ಕಾರ್ಯ. ತಮ್ಮ ಮಟ್ಟಿಗೆ ಅವರು ತಮ್ಮ ನಾಡಿಗೇ ಬಂದಿರುತ್ತಾರೆ. ಆದರೆ ಅವರು ಮನೆ ಮಾಡಿಕೊಂಡಿರುವ ಊರಿನಿಂದ ನೋಡಿದರೆ ಅದು ಪರದೇಶದಿಂದ ತಂದ ಮಗು. ಮಗುವಿನ ಕಡೆಯಿಂದ ನೋಡಿದರೆ ಅವರೇ ಪರದೇಶಿಗಳು. ಈ ಮೂರನೆಯ ನೋಟವನ್ನು ಕುರಿತು ನಾವು ಬಹಳ ಕಡಿಮೆ ಚಿಂತಿಸಿದ್ದೇವೆ.

ಬೆಂಗಳೂರಿನ ಪೂರ್ವಭಾಗವನ್ನು ನೆನೆದುಕೊಳ್ಳಿ. ಶಿವಾಜಿನಗರ, ಹಲಸೂರು, ಅವುಗಳಾಚೆ ಇಂದಿರಾನಗರ, ಹಳೇ ಮದರಾಸು ರಸ್ತೆ ಹಿಡಿದು ಹೋದರೆ ಕೃಷ್ಣರಾಜಪುರ. ಇಂದಿರಾನಗರದಲ್ಲಿ ನೋಮಿತಾ ಚಾಂಡಿಯವರು 1980ರ ದಶಕದಲ್ಲಿ ಕಟ್ಟಿ ಬೆಳೆಸಿದ 'ಆಶ್ರಯ' ಎಂಬ ಸಂಸ್ಥೆಯಿಂದ ಸ್ವದೇಶದ ಮತ್ತು ಹೊರದೇಶದ ಕುಟುಂಬಗಳಿಗೆ ಮಕ್ಕಳು ಹೋಗಿದ್ದಾರೆ. ನಿರ್ದಿಷ್ಟವಾಗಿ ಯಾವ ಸಂಸ್ಥೆಯನ್ನೂ, ಯಾವ ಕುಟುಂಬವನ್ನೂ ಉದ್ದೇಶಿಸದೆ, ಆ ಸೀಮೆಯ ಒಂದು ಶಿಶುಧಾಮವನ್ನೂ ಅಲ್ಲಿ ಬೆಳೆಯುತ್ತಿರುವ ಮೂರು ವರ್ಷದ ಒಬ್ಬ ಬಾಲಕನನ್ನೂ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳೋಣ. ಅವನ ಕಡತದಲ್ಲಿ ಇರುವುದು ಸ್ವಲ್ಪವೇ. ಸಿಕ್ಕ ದಿನ, ಸಿಕ್ಕ ಸ್ಥಳ, ತೂಕ, ಹಾಕಿಸಿದ ಚುಚ್ಚುಮದ್ದುಗಳು. ಕಡತದಲ್ಲಿ ಇಲ್ಲದ್ದು ಬಹಳ. ಹಲಸೂರಿನ ಕಡೆಯಿಂದ ದಿನವೂ ಕೆಲಸಕ್ಕೆ ಬರುವ ಆಯಾ ಒಬ್ಬಳು ಅವನಿಗೆ ಉಣಿಸಿ, ಮೀಯಿಸಿ, ಮಲಗಿಸುತ್ತಾಳೆ. ಅವಳ ಮನೆಮಾತು ತಮಿಳು. ಹೀಗಾಗಿ ಅವನಿಗೆ ನೀರು 'ತಣ್ಣಿ', ಚಂದ್ರ 'ನಿಲಾ'. ಅಡಿಗೆಯಾಕೆಯಿಂದ ಕನ್ನಡ, ಕಾವಲುಗಾರನಿಂದ ಉರ್ದು ಅಷ್ಟಿಷ್ಟು ಬಂದಿದೆ. ದಂಡುಪ್ರದೇಶದ ಎಷ್ಟೋ ಮಕ್ಕಳ ಮಾತು ಇದೇ ಬಗೆಯ ಕಲಬೆರಕೆ. ಅದರಿಂದ ಯಾರಿಗೂ ಕೇಡಾಗಿಲ್ಲ.

ಕಡಲಾಚೆಯಿಂದ ಬಂದ ದಂಪತಿಗಳು ಅವನನ್ನು ಎತ್ತಿಕೊಂಡು 'ಬಾ ಕಂದ, ಅವ್ವನ ಹತ್ತಿರ ಬಾ' ಎನ್ನುತ್ತಾರೆ. ಅವನು ತಿರುಗಿ ಆಯಾಳ ಸೆರಗು ಹುಡುಕುತ್ತಾನೆ. ಕಾನೂನಿನ ಕಣ್ಣಿನಲ್ಲಿ ಆಕೆ ಯಾರೂ ಅಲ್ಲ. ಮಗುವಿನ ಕಣ್ಣಿನಲ್ಲಿ ಲೋಕವೆಂದರೆ ಆಕೆಯೇ.

ಇಲ್ಲಿ ಸ್ವಲ್ಪ ನಿಂತು, ದತ್ತುಪದ್ಧತಿ ನಮ್ಮಲ್ಲಿ ಯಾವುದಕ್ಕಾಗಿ ಬೆಳೆದುಬಂದಿತು ಎಂಬುದನ್ನು ನೋಡಬೇಕು. ದತ್ತಕವೆಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಕಿತ್ತೂರು. 1824ರಲ್ಲಿ ಶಿವಲಿಂಗರುದ್ರಸರ್ಜ ದೇಸಾಯಿಯು ಸಂತಾನವಿಲ್ಲದೆ ಲಿಂಗೈಕ್ಯನಾದಾಗ ಶಿವಲಿಂಗಪ್ಪನೆಂಬ ಬಾಲಕನನ್ನು ಸಂಸ್ಥಾನಕ್ಕೆ ದತ್ತು ಸ್ವೀಕರಿಸಲಾಯಿತು. ಕಂಪನಿ ಸರಕಾರ ಆ ದತ್ತಕವನ್ನು ಮಾನ್ಯಮಾಡಲಿಲ್ಲ. ಅದೇ ವರ್ಷ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಮಡಿದ. ರಾಣಿ ಚೆನ್ನಮ್ಮ ಕೊನೆಗೆ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ದೇಹಬಿಟ್ಟಳು. ದತ್ತುಪುತ್ರನೂ ಪುತ್ರನೇ ಎಂಬ ಮಾತಿಗಾಗಿ ರಕ್ತ ಚೆಲ್ಲಿದ ಪರಂಪರೆ ನಮ್ಮದು ಎಂದು ಹೆಮ್ಮೆಪಡುವುದಕ್ಕೆ ಅಡ್ಡಿಯಿಲ್ಲ. ಮುಂದೆ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಆಂಗ್ಲರು ಮೊದಲು ಒಪ್ಪಲಿಲ್ಲ, 1867ರಲ್ಲಿ ಒಪ್ಪಿದರು, 1881ರಲ್ಲಿ ರಾಜ್ಯವನ್ನು ಆ ದತ್ತುಪುತ್ರನ ಕೈಗೆ ಹಿಂದಿರುಗಿಸಿದರು. ಹಿಂದಿರುಗಿಸುವಾಗ ಬೆಂಗಳೂರಿನ ದಂಡುಪ್ರದೇಶವನ್ನು ಮಾತ್ರ ತಮ್ಮಲ್ಲೇ ಉಳಿಸಿಕೊಂಡರು. ಅದು ಮರಳಿ ಮೈಸೂರಿನ ಮಡಿಲಿಗೆ ಬಂದದ್ದು 1947ರಲ್ಲಿ. ಒಂದೇ ಊರಿನ ಒಂದು ಭಾಗ 66 ವರ್ಷ ಪರರ ಮನೆಯಲ್ಲಿ ಬೆಳೆದು ಮನೆಗೆ ಬಂದಿತು. ಇಂದಿಗೂ ದಂಡಿಗೆ ಅದರದೇ ಮಾತು, ಅದರದೇ ರುಚಿ. ಅದನ್ನು ಬಿಟ್ಟುಬಿಡು ಎಂದು ಯಾರೂ ಅದಕ್ಕೆ ಹೇಳುವುದಿಲ್ಲ.

ಆದರೆ ಕಿತ್ತೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ದತ್ತಕ ನಡೆದದ್ದು ಸಿಂಹಾಸನದ ಅವಶ್ಯಕತೆಗಾಗಿ. ಗದ್ದುಗೆಗೆ ಮಗು ಬೇಕಾಗಿತ್ತು. ಮಗುವಿಗೆ ಏನು ಬೇಕಾಗಿತ್ತು ಎಂದು ಕೇಳುವ ಪ್ರಸಂಗವೇ ಅಲ್ಲಿರಲಿಲ್ಲ. ಆ ಬಾಲಕರಿಗೆ ತಮ್ಮದೇ ಮನೆ ಇತ್ತು. ಸಾಮಾನ್ಯ ಗೃಹಸ್ಥರಲ್ಲಿಯೂ ದತ್ತಕದ ಹಿಂದೆ ಇದ್ದದ್ದು ವಂಶ ಮುಂದುವರಿಯಬೇಕು, ಆಸ್ತಿ ಪರರ ಪಾಲಾಗಬಾರದು, ಪಿಂಡ ಹಾಕುವ ಕೈಯೊಂದು ಬೇಕು ಎಂಬ ವಿಚಾರಗಳು. ಆದ್ದರಿಂದಲೇ ಹಳೆಯ ಧರ್ಮಶಾಸ್ತ್ರದಲ್ಲಿ ಗಂಡುಮಗುವಿಗೆ ಮಾತ್ರ ದತ್ತಕದ ಯೋಗ್ಯತೆ. 1956ರ ಹಿಂದೂ ದತ್ತಕ ಮತ್ತು ಪೋಷಣೆ ಅಧಿನಿಯಮವು ಹೆಣ್ಣುಮಗುವಿಗೂ ಆ ಸ್ಥಾನವನ್ನಿತ್ತಿತು. ದತ್ತಹೋಮ ಅನಿವಾರ್ಯವಲ್ಲವೆಂದು ಸಾರಿತು. ಆ ಕಾಯಿದೆಯು ಯಾರಿಗೆ ಅನ್ವಯಿಸುತ್ತದೆಂದು ಹೇಳುವಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಎತ್ತಿ ಹೇಳಿದೆ. ತಂದೆತಾಯಿಗಳು ಯಾರೆಂದು ತಿಳಿಯದ ಮಗುವೂ ಬೆಳೆಸಿದವರ ಧರ್ಮದಲ್ಲಿ ಬೆಳೆದರೆ ಆ ಧರ್ಮದ್ದೇ ಎಂದೂ ಹೇಳಿದೆ.

ಶ್ರಾದ್ಧ ಮತ್ತು ಪಿಂಡಪ್ರದಾನಗಳನ್ನು ಶರಣರು ಒಪ್ಪಲಿಲ್ಲ. ಹಾಗಾದರೆ ದತ್ತಕದ ಹಳೆಯ ಕಾರಣಗಳಲ್ಲಿ ಮುಖ್ಯವಾದ ಒಂದು ನಮಗೆ ಮೊದಲಿನಿಂದಲೂ ಇಲ್ಲ. ಪರಲೋಕದ ಲೆಕ್ಕಕ್ಕೆ ಮಗ ಬೇಕಾಗಿಲ್ಲವೆಂದ ಮೇಲೆ ಮಗುವನ್ನು ಮಗುವಿಗಾಗಿಯೇ ತರುವುದು ನಮಗೆ ಉಳಿದವರಿಗಿಂತ ಸುಲಭವಾಗಬೇಕಾಗಿತ್ತು. ಆಗಿದೆಯೇ?

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯನ್ನು ಮಾಡಿಕೊಳ್ಳಬೇಕಾಗಿದೆ. ಅನೇಕ ವರ್ಷಗಳ ಹಿಂದೆ ನನ್ನ ಸೋದರತ್ತೆಯ ಮಗನೊಬ್ಬ ಒಂದು ಹೆಣ್ಣುಮಗುವನ್ನು ದತ್ತು ತೆಗೆದುಕೊಂಡ. ಅವರ ಮನೆಗೆ ಹೋಗಿ ಉಳಿದಿದ್ದೆ. ಬೆಳಗ್ಗೆ ತೊಟ್ಟಿಲ ಬಳಿ ನಿಂತು ಮಗುವನ್ನು ನೋಡಿದವನ ಬಾಯಿಂದ ಬಂದ ಮೊದಲ ಮಾತು, 'ಯಾವ ಪೈಕಿಯಂತೆ?' ಅವನ ಹೆಂಡತಿ ನನ್ನ ಹಣೆಯ ವಿಭೂತಿಯನ್ನೊಮ್ಮೆ ನೋಡಿ, 'ಅಣ್ಣಾ, ಈಗತಾನೆ ಪೂಜೆ ಮಾಡಿಕೊಂಡು ಎದ್ದಿರಿ, ಅಲ್ಲವೇ?' ಎಂದಳು. ಅಷ್ಟೇ. ಆಮೇಲೆ ತಿಂಡಿಗೆ ಕರೆದಳು. ಆ ದಿನ ತಿಂದದ್ದು ಗಂಟಲಲ್ಲಿ ಇಳಿಯಲಿಲ್ಲ.

ಲಿಂಗ ಕಟ್ಟಿದವನ ಪೂರ್ವಕುಲವನ್ನು ಕೇಳಲಾಗದು ಎಂಬುದನ್ನು ಬಸವಾದಿ ಪ್ರಮಥರಿಂದ ಕಲಿತು, ವೇದಿಕೆಗಳಲ್ಲಿ ಸಾವಿರ ಸಲ ಹೇಳಿ, ಕೊನೆಗೆ ಆರು ತಿಂಗಳ ಶಿಶುವಿನ ತೊಟ್ಟಿಲ ಮುಂದೆ ನಾವು ಕೇಳುವುದು ಅದನ್ನೇ. ವಿರಕ್ತಪೀಠಗಳ ಪರಂಪರೆಯನ್ನು ನೋಡಿರಿ. ಅಲ್ಲಿ ಗುರುವಿಗೆ ಶಿಷ್ಯನು 'ಕರಕಮಲಸಂಜಾತ'. ಯಾವುದೋ ಊರಿನ, ಯಾರದೋ ಮನೆಯ ಬಾಲಕನನ್ನು ಮರಿಯಾಗಿ ಸ್ವೀಕರಿಸಿ, ಹೊಸ ಹೆಸರಿಟ್ಟು, ವಿದ್ಯೆ ಕೊಟ್ಟು, ಕೊನೆಗೆ ಪೀಠವನ್ನೇ ಒಪ್ಪಿಸುತ್ತಾರೆ. ಅಂದರೆ ನಾವು ಪಾದಕ್ಕೆರಗುವ ಪರಂಪರೆಯು ತಲೆಮಾರಿನಿಂದ ತಲೆಮಾರಿಗೆ ದತ್ತುಸ್ವೀಕಾರದಿಂದಲೇ ಉಳಿದುಬಂದಿದೆ. ಹೆತ್ತ ಹೊಟ್ಟೆಯಿಂದಲ್ಲ, ಹಿಡಿದ ಕೈಯಿಂದ ಮಗನಾಗುವನು ಎಂಬುದು ನಮ್ಮಲ್ಲಿ ಬರಿಯ ತತ್ತ್ವವಲ್ಲ, ನಿತ್ಯದ ಆಚರಣೆ. ಮರಿಯನ್ನು ಆರಿಸುವಾಗಲೂ ಒಳಪಂಗಡ ನೋಡುವುದುಂಟಲ್ಲ ಎಂದು ನೀವು ಕೇಳಬಹುದು. ಉಂಟು. ಅದನ್ನು ಸಮರ್ಥಿಸುವ ಶಕ್ತಿ ಈ ಲೇಖಕನಿಗಿಲ್ಲ.

ಇನ್ನು ಹೊರದೇಶಗಳ ಮಾತು. ಭಾರತದ ಮಕ್ಕಳನ್ನು ಪರದೇಶಿಯರು ದತ್ತು ಒಯ್ಯುವಲ್ಲಿ ನಡೆಯುತ್ತಿದ್ದ ಅಕ್ರಮಗಳನ್ನು ಕುರಿತು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಬರೆದ ಪತ್ರವೇ ಅರ್ಜಿಯಾಗಿ, 1984ರ ಫೆಬ್ರವರಿ 6ರಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ತೀರ್ಪು ಹೊರಬಂದಿತು. ಮಗುವಿಗೆ ಮೊದಲು ಹೆತ್ತವರ ಮಡಿಲು. ಅದು ಸಾಧ್ಯವಾಗದಿದ್ದರೆ ಸ್ವದೇಶದ ಕುಟುಂಬ. ಅದೂ ದೊರೆಯದಿದ್ದರೆ ಪರದೇಶದ ಕುಟುಂಬ. ಇದು ಆ ತೀರ್ಪಿನ ಸಾರ. ಇದರ ಫಲವಾಗಿ 1990ರಲ್ಲಿ ಕೇಂದ್ರದಲ್ಲಿ ಒಂದು ದತ್ತು ಪ್ರಾಧಿಕಾರ ಬಂದಿತು. 1993ರ ಹೇಗ್ ಒಡಂಬಡಿಕೆಯನ್ನು ಭಾರತವು 2003ರಲ್ಲಿ ಅನುಮೋದಿಸಿತು. ಈಗ 2015ರ ಬಾಲನ್ಯಾಯ ಕಾಯಿದೆಯಂತೆ, ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು 60 ದಿನಗಳ ಅವಕಾಶವುಂಟು. ಬೀದಿಯಲ್ಲಿ ಸಿಕ್ಕ ಮಗುವಾದರೆ ಅದರ ಹೆತ್ತವರಿಗಾಗಿ ಹುಡುಕಾಟ ನಡೆದು, ಮಕ್ಕಳ ಕಲ್ಯಾಣ ಸಮಿತಿಯು ಅದು ದತ್ತಕಕ್ಕೆ ಮುಕ್ತವೆಂದು ಘೋಷಿಸಬೇಕು. ದತ್ತಕದ ಆಜ್ಞೆಯನ್ನು ಮೊದಲು ನ್ಯಾಯಾಲಯ ಕೊಡುತ್ತಿತ್ತು. 2022ರ ಸೆಪ್ಟೆಂಬರಿನಿಂದ ಜಿಲ್ಲಾ ದಂಡಾಧಿಕಾರಿಗಳು ಕೊಡುತ್ತಾರೆ. ಭಾರತದ ಪೌರತ್ವವನ್ನು ಉಳಿಸಿಕೊಂಡು ಹೊರದೇಶದಲ್ಲಿರುವವರಿಗೆ ಇಲ್ಲಿರುವವರಷ್ಟೇ ಆದ್ಯತೆ. ಮಗು ಹೋದ ಮೇಲೆ ಎರಡು ವರ್ಷ ಅದರ ಕ್ಷೇಮದ ವರದಿ ಬರುತ್ತಿರಬೇಕು. ಇವೆಲ್ಲ ಬೇಸರದ ವಿಧಿಗಳೆಂದು ದಂಪತಿಗಳು ಗೊಣಗುವುದುಂಟು. ಗೊಣಗಬಾರದು. ಈ ವಿಧಿಗಳು ಏಕೆ ಬೇಕಾದವೆಂಬುದನ್ನು ಪರದೇಶಗಳಿಗೆ ಹೋದ ಮಕ್ಕಳೇ ಬೆಳೆದು ದೊಡ್ಡವರಾಗಿ ಲೋಕಕ್ಕೆ ಹೇಳಿದ್ದಾರೆ. ದಕ್ಷಿಣ ಕೊರಿಯಾದಿಂದ ಹೀಗೆ ಹೋದವರ ದೂರುಗಳನ್ನು ವಿಚಾರಿಸಿದ ಅಲ್ಲಿನ ಆಯೋಗವು, ಹೆತ್ತವರಿದ್ದ ಮಕ್ಕಳನ್ನೂ ಅನಾಥರೆಂದು ದಾಖಲಿಸಿ ಕಳುಹಿಸಿದ್ದುಂಟೆಂದು 2025ರ ಮಾರ್ಚಿಯಲ್ಲಿ ಪ್ರಕಟಿಸಿತು. ಚೀನಾ ದೇಶವು 2024ರಲ್ಲಿ, ಹತ್ತಿರದ ರಕ್ತಸಂಬಂಧಿಗಳ ಹೊರತು, ಪರದೇಶಿಯರಿಗೆ ಮಕ್ಕಳನ್ನು ಕೊಡುವುದನ್ನೇ ನಿಲ್ಲಿಸಿತು. ಒಳ್ಳೆಯ ಮನಸ್ಸಿನಿಂದ ಕೈಚಾಚಿದ ದಂಪತಿಗಳ ಬೆನ್ನ ಹಿಂದೆ ಯಾರೋ ಒಬ್ಬ ಬಡತಾಯಿಯ ಮಡಿಲು ಬರಿದಾಗಿರಬಹುದು. ತಾವು ಪಡೆದ ಮಗುವಿನ ಕಾಗದಪತ್ರ ನೇರವಾಗಿದೆಯೇ ಎಂದು ನೋಡುವುದು ಧರ್ಮದ ಭಾಗ, ಗುಮಾಸ್ತರ ಕೆಲಸವಲ್ಲ.

ಇಷ್ಟು ಹೇಳಿ ಪರದೇಶಿಯರನ್ನು ದೂರಿ ಕೈತೊಳೆದುಕೊಂಡರೆ ಅದೂ ಆತ್ಮವಂಚನೆ. ನಮ್ಮ ದಂಪತಿಗಳು ಕೇಳುವುದು ಎಳೆಯ ಶಿಶುವನ್ನು, ಅದೂ ಆರೋಗ್ಯವಂತ ಶಿಶುವನ್ನು. ಬಣ್ಣ ಬಿಳುಪಾಗಿದ್ದರೆ ಇನ್ನೂ ಒಳ್ಳೆಯದು. ಐದಾರು ವರ್ಷ ದಾಟಿದವನನ್ನು, ಕಾಲು ಸೊಟ್ಟಗಿರುವವಳನ್ನು, ಒಂದು ಕಿವಿ ಕೇಳಿಸದವನನ್ನು, ಬಿಟ್ಟಿರಲಾರದ ಅಣ್ಣತಂಗಿಯರ ಜೋಡಿಯನ್ನು ಕಡಲಾಚೆಯವರು ಬಂದು ಎತ್ತಿಕೊಳ್ಳುತ್ತಾರೆ. ನಮ್ಮವರು ಬೇಡವೆಂದದ್ದನ್ನು ಅವರು ಬೇಕೆಂದರು. ಅಂಗವಿಕಲರನ್ನೂ ಅನಾಥರನ್ನೂ ಪಂಕ್ತಿಯಲ್ಲಿ ಕೂರಿಸಿ ಉಣಿಸಿದ ಮಠಗಳ ಭಕ್ತರು ನಾವು ಎಂಬುದನ್ನು ಆಗ ನೆನೆದರೆ ತಲೆ ತಗ್ಗುತ್ತದೆ.

ಹೀಗಿರುವಲ್ಲಿ ಮಗುವನ್ನು ತರುವವನ ಮನೋಭಾವ ಯಾವುದಾಗಿರಬೇಕು? ನಮ್ಮಲ್ಲಿ ದಾನ ಮತ್ತು ದಾಸೋಹಗಳ ನಡುವೆ ಒಂದು ಸೂಕ್ಷ್ಮವಾದ ಭೇದವನ್ನು ಮಾಡಿದ್ದಾರೆ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಕೊಟ್ಟವನಿಗೆ ಪುಣ್ಯದ ಲೆಕ್ಕ, ಪಡೆದವನಿಗೆ ಋಣದ ಭಾರ. ದಾಸೋಹದಲ್ಲಿ ನೀಡುವವನು ತಾನೇ ದಾಸ. ಬಂದವನು ಉಂಡು ಎದ್ದರೆ ನೀಡಿದವನು ಧನ್ಯ. ಸಿದ್ಧಗಂಗೆಯಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಪಂಕ್ತಿಯಲ್ಲಿ ಕುಳಿತು ಉಂಡರು. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಅವರಲ್ಲಿ ಯಾರನ್ನೂ ಋಣಿಗಳೆಂದು ಕಂಡವರಲ್ಲ. ದತ್ತುಮಗುವಿನ ವಿಷಯದಲ್ಲಿ ನಾವು ಬಾಯಲ್ಲಿ ದಾಸೋಹವೆಂದು ಹೇಳಿ ಮನಸ್ಸಿನಲ್ಲಿ ದಾನದ ಲೆಕ್ಕವನ್ನು ಇಡುತ್ತೇವೆ. 'ನಾವು ತಂದು ಸಾಕದಿದ್ದರೆ ಎಲ್ಲಿರುತ್ತಿದ್ದೆ?' ಎಂಬ ಮಾತು ಹದಿನಾರು ವರ್ಷದ ಮಗ ಎದುರು ಮಾತಾಡಿದ ದಿನ ಹೊರಬರುತ್ತದೆ. ಹೆತ್ತ ಮಗನಿಗೆ ಯಾವ ತಾಯಿಯೂ 'ನಾನು ಹೆರದಿದ್ದರೆ ಎಲ್ಲಿರುತ್ತಿದ್ದೆ?' ಎಂದು ನಿಜವಾದ ಸಿಟ್ಟಿನಿಂದ ಕೇಳುವುದಿಲ್ಲ. ಕೇಳಿದರೂ ಅದು ನಗೆಯಾಗಿ ಹೋಗುತ್ತದೆ. ದತ್ತುಮಗನಿಗೆ ಅದೇ ಮಾತು ಬಾಗಿಲು ತೋರಿಸಿದಂತೆ.

ಮಠದ ಹಳೆಯ ವಿದ್ಯಾರ್ಥಿಗಳಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವು ಪ್ರಸಾದ ನಿಲಯಕ್ಕೆ ಬಂದ ಮೊದಲ ರಾತ್ರಿಯನ್ನು ನೆನೆದುಕೊಳ್ಳಿ. ಎಂಟೋ ಹತ್ತೋ ವಯಸ್ಸು. ಅಪ್ಪ ತಗಡಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಬಂದು, ಅಜ್ಜನವರ ಪಾದಕ್ಕೆ ನಿಮ್ಮನ್ನು ಅಡ್ಡಬೀಳಿಸಿ, ಸಂಜೆಯ ಬಸ್ಸಿಗೆ ಹೊರಟುಹೋದರು. ರಾತ್ರಿ ಸಾಲು ಹಾಸಿಗೆಗಳ ನಡುವೆ ನಿಮ್ಮ ಹಾಸಿಗೆ. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾಚಟ್ನಿಯ ಗಂಟು ಪೆಟ್ಟಿಗೆಯಲ್ಲಿ ಹಾಗೆಯೇ ಇತ್ತು. ಪ್ರಸಾದ ಹೊಟ್ಟೆತುಂಬ ಸಿಕ್ಕಿತ್ತು, ಹೊದೆಯಲು ಕಂಬಳಿ ಇತ್ತು, ಯಾರೂ ಗದರಿರಲಿಲ್ಲ. ಆದರೂ ಅತ್ತಿರಿ, ಸದ್ದಾಗದಂತೆ. ಪಕ್ಕದ ಹಾಸಿಗೆಯವನೂ ಅಳುತ್ತಿದ್ದನೆಂಬುದು ನಿಮಗೆ ಮರುದಿನ ಅವನ ಕಣ್ಣು ನೋಡಿದಾಗ ತಿಳಿಯಿತು. ಮಠವು ನಿಮಗೆ ಮನೆಯಾಯಿತು, ನಿಜ. ಆದರೆ ಮನೆಯಾಗುವುದಕ್ಕೆ ದಿನಗಳು ಹಿಡಿದವು, ಕೆಲವರಿಗೆ ವರ್ಷವೇ ಹಿಡಿಯಿತು. ಆ ಹೊತ್ತಿನಲ್ಲಿ ನಿಮ್ಮ ಬಳಿ ಬಂದು ಕುಳಿತ ಹಿರಿಯ ವಿದ್ಯಾರ್ಥಿಯೋ ಅಡಿಗೆಯ ಅಯ್ಯನೋ 'ಅಳಬೇಡ, ನಿನ್ನ ಪುಣ್ಯ ಇಲ್ಲಿಗೆ ಬಂದದ್ದು' ಎಂದು ಉಪದೇಶಿಸಿದ್ದರೆ ನಿಮಗೆ ಸಮಾಧಾನವಾಗುತ್ತಿರಲಿಲ್ಲ. 'ನಿಮ್ಮೂರು ಯಾವುದಪ್ಪಾ? ಮನೆಯಲ್ಲಿ ಯಾರ್ಯಾರಿದ್ದಾರೆ?' ಎಂದು ಕೇಳಿದ್ದರೆ ಆಗುತ್ತಿತ್ತು.

ಇನ್ನು ನಿಮಗೂ ಆ ಬಾಲಕನಿಗೂ ಇರುವ ಅಂತರವನ್ನು ನೋಡಿರಿ. ನಿಮಗೆ ದಸರೆಯ ರಜೆ ಇತ್ತು. ಊರಿಗೆ ಹೋದರೆ ಅದೇ ಹೊಸ್ತಿಲು, ಅದೇ ಎಮ್ಮೆ, ಅದೇ ಅವ್ವ. ಅವನಿಗೆ ರಜೆಯಿಲ್ಲ. ವಿಮಾನವೇರಿ, ಹಗಲು ರಾತ್ರಿಯಾಗಿ ರಾತ್ರಿ ಹಗಲಾಗುವ ನಾಡಿಗೆ ಹೋಗಿ ಇಳಿದ ಮೇಲೆ ಅವನು 'ತಣ್ಣಿ' ಎಂದರೆ ನೀರು ಕೊಡುವವರಿಲ್ಲ. ಹೊಸ ತಾಯಿಗೆ ಕನ್ನಡ ಗೊತ್ತು, ಇಂಗ್ಲಿಷು ಗೊತ್ತು. ಅವನು ಕೇಳುತ್ತಿರುವುದು ಆಯಾಳ ಮಾತಿನಲ್ಲಿ. 'ನಮ್ಮ ಮಗು ಕನ್ನಡದ ಮಗು' ಎಂದು ಹೆಮ್ಮೆಯಿಂದ ಬಂದ ತಾಯಿಗೆ ಇದು ಮೊದಲ ಆಘಾತ. ಆ ಒಂದು ಮಾತನ್ನು ಅವಳು ಕಲಿತುಕೊಂಡು ಹೋಗಿದ್ದರೆ ಮೊದಲ ರಾತ್ರಿಯ ಅರ್ಧ ಅಳು ನಿಲ್ಲುತ್ತಿತ್ತು.

ದತ್ತುಮಗುವಿಗೆ ಸತ್ಯವನ್ನು ಹೇಳಬೇಕೆ ಬೇಡವೆ ಎಂಬುದು ಭಕ್ತರು ಪದೇ ಪದೇ ಕೇಳುವ ಇನ್ನೊಂದು ಪ್ರಶ್ನೆ. ಊರಿನಲ್ಲಿರುವವರು ಮುಚ್ಚಿಡಲು ನೋಡುತ್ತಾರೆ. ಕೆಲವರು ಮಗುವನ್ನು ತರುವ ಮುನ್ನ ಆರು ತಿಂಗಳು ಪರಸ್ಥಳಕ್ಕೆ ಹೋಗಿದ್ದು, ಹೆತ್ತು ತಂದೆವೆಂಬಂತೆ ಬರುವುದೂ ಉಂಟು. ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ. ತಿಳಿದರೆ ಮಗು ನೊಂದೀತು, ನಮ್ಮನ್ನು ಬಿಟ್ಟೀತು ಎಂಬ ಭಯ. ಈ ಭಯದ ಉತ್ತರವನ್ನು ನಾವು ಭಾರತದ ಕಥೆಯಲ್ಲಿಯೇ ಓದಿದ್ದೇವೆ. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡದ ಕವಿಗಳು ಕರ್ಣನನ್ನು ಕುರಿತು ಕರಗಿದ್ದಾರೆ. ಸೂತನ ಮನೆಯಲ್ಲಿ ಬೆಳೆದದ್ದರಿಂದ ಕರ್ಣನು ಕೆಟ್ಟನೆಂದು ನಾವು ಭಾವಿಸುವುದುಂಟು. ನನಗೆ ಹಾಗೆ ತೋರುವುದಿಲ್ಲ. ರಾಧೆ ಅವನಿಗೆ ಪ್ರೀತಿಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ರಾಧೇಯನೆಂಬ ಹೆಸರನ್ನು ಅವನು ಕೊನೆಯವರೆಗೆ ಹೊತ್ತನು. ಅವನಿಗೆ ಕೇಡಾದದ್ದು ಜನ್ಮದ ಸುದ್ದಿ ಬಂದ ಕಾಲದಿಂದ, ಬಂದ ಬಾಯಿಯಿಂದ. ಯುದ್ಧದ ಹೊಸ್ತಿಲಲ್ಲಿ, ಅವನನ್ನು ಒಡೆಯಲೆಂದೇ ಬಂದ ಕೃಷ್ಣನ ಬಾಯಿಂದ ಅದು ಬಂದಿತು. ಕುಮಾರವ್ಯಾಸ ಭಾರತದ ಆ ಪ್ರಸಂಗಕ್ಕೆ ಕರ್ಣಭೇದನವೆಂದೇ ಹೆಸರು. ತಾಯಿಯೂ ಬಂದಳು; ಬಂದವಳು ಉಳಿದ ಮಕ್ಕಳ ಜೀವವನ್ನು ಬೇಡಿದಳು. ಸತ್ಯವನ್ನು ನೀವು ಹೇಳದಿದ್ದರೆ ಯಾರಾದರೂ ಹೇಳಿಯೇ ಹೇಳುತ್ತಾರೆ, ಮದುವೆಯ ಮಾತುಕತೆಯಲ್ಲಿ, ಆಸ್ತಿಯ ಪಾಲಿನ ದಿನ, ತಮಗೆ ಅದರಿಂದ ಲಾಭವಿದ್ದಾಗ. ಅದೇ ಮಾತು ಮೂರು ವರ್ಷದಲ್ಲಿ ರಾಧೆಯ ಮಡಿಲಲ್ಲಿ ಕಥೆಯಾಗಿ ಕೇಳಿಬಂದಿದ್ದರೆ ಅದು ಕರ್ಣನನ್ನು ಭೇದಿಸುತ್ತಿರಲಿಲ್ಲ.

ಹೊರದೇಶದಲ್ಲಿರುವವರಿಗೆ ಮುಚ್ಚಿಡುವ ಪ್ರಲೋಭನೆ ಇನ್ನೊಂದು ಬಗೆಯದು. ಅವರು ದತ್ತು ಎಂಬುದನ್ನು ಹೇಳುತ್ತಾರೆ. ಆದರೆ ಕಥೆಯನ್ನು ವಿಮಾನ ನಿಲ್ದಾಣದಿಂದ ಆರಂಭಿಸುತ್ತಾರೆ. ನಿನ್ನನ್ನು ಎತ್ತಿಕೊಂಡೆವು, ನೀನು ನಕ್ಕೆ, ಮನೆಗೆ ಬಂದೆ. ಅದಕ್ಕೆ ಮೊದಲಿನ ಮೂರು ವರ್ಷ ಇಲ್ಲವೇ ಇಲ್ಲ. ಲಿಂಗಧಾರಣೆ ಮಾಡಿಸಿ, ಬಸವನೆಂದೋ ಚೆನ್ನಬಸವನೆಂದೋ ಹೆಸರಿಟ್ಟು, ಹೊಸ ಜನ್ಮವಾಯಿತೆನ್ನುತ್ತಾರೆ. ದೀಕ್ಷೆಯಿಂದ ಹೊಸ ಜನ್ಮವೆಂಬುದು ನಮ್ಮ ನಂಬಿಕೆ, ಅದನ್ನು ಅಲ್ಲಗಳೆಯಲಾರೆ. ಆದರೆ ದೀಕ್ಷೆ ಪಡೆದ ಶರಣರು ತಮ್ಮ ಕಾಯಕದ ಹೆಸರನ್ನು ಬಿಟ್ಟರೇ? ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ. ಕಾಶ್ಮೀರದಿಂದ ಬಂದು ಕಟ್ಟಿಗೆ ಹೊತ್ತ ಮಾರಯ್ಯನ ಪೂರ್ವಕಥೆಯನ್ನು ಶರಣರು ಅಳಿಸಲಿಲ್ಲ. ನಾವೂ ಇಂದಿಗೂ ಭಕ್ತಿಯಿಂದ ಹೇಳುತ್ತೇವೆ. ಪೂರ್ವಾಶ್ರಯವನ್ನು ಹೀಗಳೆಯಬಾರದೆಂಬುದು ಒಂದು. ಅದು ಇರಲೇ ಇಲ್ಲವೆನ್ನುವುದು ಇನ್ನೊಂದು.

ಈ ಮಕ್ಕಳಲ್ಲಿ ಕೆಲವರು ಇಪ್ಪತ್ತು ಇಪ್ಪತ್ತೈದನೆಯ ವಯಸ್ಸಿನಲ್ಲಿ ಬೆಂಗಳೂರಿಗೆ ಬರುತ್ತಾರೆ. ತಮ್ಮ ಮೂಲವನ್ನು ಹುಡುಕುವ ಹಕ್ಕನ್ನು ಇಂದಿನ ದತ್ತು ನಿಯಮಗಳು ಅವರಿಗೆ ಕೊಟ್ಟಿವೆ. ಅದೇ ಸಮಯದಲ್ಲಿ ಹೆತ್ತ ತಾಯಿಯ ಗೋಪ್ಯವನ್ನೂ ಕಾಯುತ್ತವೆ. ಇಪ್ಪತ್ತು ವರ್ಷದ ಹಿಂದೆ ಯಾರಿಗೂ ಹೇಳದೆ ಹೆತ್ತು ಕೊಟ್ಟವಳು ಇಂದು ಬೇರೊಂದು ಸಂಸಾರದಲ್ಲಿ ಇರಬಹುದು. ಅವಳ ಬಾಗಿಲಿಗೆ ಒಮ್ಮೆಲೆ ಹೋಗಿ ನಿಲ್ಲುವುದು ನ್ಯಾಯವಲ್ಲ. ಇಲ್ಲಿ ಎರಡು ಸತ್ಯಗಳು ಎದುರೆದುರು ನಿಲ್ಲುತ್ತವೆ, ಒಂದನ್ನು ಮೇಲು ಮಾಡಿ ಇನ್ನೊಂದನ್ನು ಕೀಳು ಮಾಡುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಬಹಳ ಮಂದಿಗೆ ಹೆತ್ತವಳು ಸಿಗುವುದೂ ಇಲ್ಲ. ಕಡತದಲ್ಲಿ ಇಲ್ಲದ ಹೆಸರು ಎಲ್ಲಿಂದ ಬರಬೇಕು? ಮಗ ಬೆಂಗಳೂರಿಗೆ ಹೊರಟನೆಂದು ಕೇಳಿ ಸಾಕಿದ ತಾಯಿಗೆ ಎದೆ ಹೊಡೆದುಕೊಳ್ಳುವುದು ಸಹಜ. ಆದರೆ ಅವನು ಹುಡುಕುತ್ತಿರುವುದು ಇನ್ನೊಬ್ಬ ತಾಯಿಯನ್ನಲ್ಲದೆ ತನ್ನದೇ ಮೂರು ವರ್ಷಗಳನ್ನು ಇರಬಹುದು. ತವರಿಗೆ ಹೋಗಿಬಂದ ಸೊಸೆ ಗಂಡನ ಮನೆಯನ್ನು ಮೊದಲಿಗಿಂತ ಹೆಚ್ಚಾಗಿ ತನ್ನದೆನ್ನುತ್ತಾಳೆಂಬುದನ್ನು ಅತ್ತೆಯಂದಿರು ಬಲ್ಲರು.

ಹೀಗೆ ಬಂದವನಿಗೆ ಸಿಗುವುದು ಬಹಳ ಸಲ ಆ ಧಾಮದ ಗೇಟು, ಅಂಗಳದ ಮರ, ದೈವವಿದ್ದರೆ ಆ ಆಯಾ. ಅವಳಿಗೆ ಈಗ ಅರವತ್ತು ದಾಟಿರುತ್ತದೆ, ಕೆಲಸ ಬಿಟ್ಟಿರುತ್ತಾಳೆ. ಎತ್ತಿ ಆಡಿಸಿದ ಮಕ್ಕಳ ಲೆಕ್ಕ ಅವಳಿಗೆ ಇರಲಾರದು. ಆದ್ದರಿಂದ ಮಗುವನ್ನು ಕರೆದೊಯ್ಯಲು ಬರುವ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಪಾಸ್‌ಪೋರ್ಟು, 'ವೀಸಾ', ದಂಡಾಧಿಕಾರಿಗಳ ಆಜ್ಞೆ ಎಲ್ಲವೂ ಕೈಸೇರಿದ ಮೇಲೆ ಒಂದು ದಿನ ತಡವಾದರೂ ಚಿಂತೆಯಿಲ್ಲ, ಆ ಧಾಮಕ್ಕೆ ಇನ್ನೊಮ್ಮೆ ಹೋಗಿ ಬನ್ನಿ. ಮಗು ಮಲಗುತ್ತಿದ್ದ ಮೂಲೆಯನ್ನು ನೋಡಿ. ಅವನು ತೊಟ್ಟುಕೊಂಡು ಹಳೆಯದಾದ ಅಂಗಿಯೊಂದನ್ನು, ಒಗೆಯದೆ, ಕೇಳಿ ತೆಗೆದುಕೊಳ್ಳಿ. ಸಂಸ್ಥೆಯ ಒಪ್ಪಿಗೆ ಪಡೆದು, ಆಯಾಳ ತೊಡೆಯ ಮೇಲೆ ಅವನನ್ನು ಕೂರಿಸಿ ಒಂದು ಚಿತ್ರ ತೆಗೆಸಿ. ಅವನನ್ನು ಮಲಗಿಸಲು ಅವಳು ಏನು ಗುನುಗುತ್ತಾಳೆ, ಅನ್ನವನ್ನು ಎಷ್ಟು ಮೆತ್ತಗೆ ಕಲಸುತ್ತಾಳೆ, ಬೆಚ್ಚಿಬಿದ್ದಾಗ ಬೆನ್ನು ಹೇಗೆ ತಟ್ಟುತ್ತಾಳೆ, ನೀರಿಗೆ ಅವನು ಏನನ್ನುತ್ತಾನೆ ಎಂಬುದನ್ನು ಅವಳ ಬಾಯಿಂದಲೇ ಕೇಳಿ, ಕಡತದ ಹಾಳೆಗಳ ಜೊತೆಗೆ ಇನ್ನೊಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹಾಳೆಯ ತಲೆಯಲ್ಲಿ ಅವಳ ಹೆಸರಿರಲಿ.